ನಾನು ನೋಡದ ಟೈಮ್‌ಔಟ್

ನೋಡದೇ ಇದ್ದದ್ದನ್ನು ನೋಡಿದವನ ಹಾಗೆ ಪುಸ್ತಕದಲ್ಲಿ ಬರೆದೆ. ಬರೆದದ್ದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದೆ. ಅದು ಸುಳ್ಳೆಂದು ಓದುವಾಗಲೇ ಗೊತ್ತಿತ್ತು — ಗೊತ್ತಿದ್ದೂ ಓದಿದೆ. ಆ ಒಂದು ಓದಿನಿಂದಾಗಿ, ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಸ್ನೇಹಿತರು, ಮ್ಯಾನಿ ಎಂಬ ಹಿರಿಯರು, ಮೂವತ್ತು ವರ್ಷ ಕೂತಿದ್ದ ಮೇಜನ್ನು ಬಿಟ್ಟು ಎದ್ದುಹೋದರು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮ್ಯಾನಿಗೆ ಕನ್ನಡ ಬರುತ್ತಿರಲಿಲ್ಲ, ಆ ಮೇಜಿನ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಇದೂ ಬಚ್ಚಿಟ್ಟುಕೊಳ್ಳುವ ಇನ್ನೊಂದು ದಾರಿಯೇ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಎಲ್ಲಿಂದಲಾದರೂ ಶುರುಮಾಡಬೇಕಲ್ಲ. ನಾಲಗೆ ತೊಡರದ ಕಡೆಯಿಂದ ಶುರುಮಾಡುತ್ತಿದ್ದೇನೆ.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ನಾನೂ ನನ್ನ ಹೆಂಡತಿ ವಿಮಲಾಳೂ ಸ್ಯಾನ್ ಹೊಸೆ ಊರಿನ ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆ ಮಾಡಿದೆವು. ಮಗಳು ಅನು ಆಗಿನ್ನೂ ನಡೆಯಲು ಕಲಿಯುತ್ತಿದ್ದಳು. ಇವತ್ತು ಅಲ್ಲಿಗೆ ಹೋದರೆ ಬೀದಿಗೆ ನಾಲ್ಕು ಕನ್ನಡದ ಮನೆ ಸಿಗುತ್ತವೆ. ಆಗ ನಮ್ಮ ಬೇಲಿಯಾಚೆ ಏಪ್ರಿಕಾಟ್ ಮರಗಳ ತೋಟವಿತ್ತು. ತೋಟ ಮ್ಯಾನಿಯದು. ಅವರ ಅಜ್ಜ ಪೋರ್ಚುಗೀಸರ ಯಾವುದೋ ದ್ವೀಪದಿಂದ ಬಂದು ನೆಟ್ಟ ಮರಗಳಂತೆ. ಮ್ಯಾನಿಗೆ ಅರವತ್ತು ದಾಟಿತ್ತು. ನಾವು ಬಂದ ಮೂರನೆಯ ದಿನ ಬೇಲಿಯ ಮೇಲಿನಿಂದ ಒಂದು ಬುಟ್ಟಿ ಹಣ್ಣು ಇಳಿಸಿ, ನನ್ನ ಹೆಸರು ಕೇಳಿ, ಶ್ರೀಕಂಠ ಎಂದು ಹೇಳಲು ಐದು ಸಲ ಪ್ರಯತ್ನಪಟ್ಟು, ಆರನೆಯ ಸಲ ಸರಿಯಾಗಿ ಹೇಳಿದರು. ಆಫೀಸಿನಲ್ಲಿ ಎರಡು ವರ್ಷವಾದರೂ ಯಾರೂ ಅಷ್ಟು ಕಷ್ಟಪಟ್ಟಿರಲಿಲ್ಲ.

ವಿಮಲಾಗೆ ಕಾರು ಕಲಿಸಿದವರೂ ಅವರೇ. ನಾನು ಕಲಿಸಲು ಹೋಗಿ ಎರಡೇ ದಿನಕ್ಕೆ ಸಂಸಾರ ಮುರಿದುಬೀಳುವ ಸ್ಥಿತಿಗೆ ಬಂದಿತ್ತು. ಮ್ಯಾನಿ ತಮ್ಮ ಹಳೆಯ ಪಿಕಪ್ಪಿನಲ್ಲಿ ಅವಳನ್ನು ಕೂರಿಸಿಕೊಂಡು ತೋಟದ ಸಾಲುಗಳ ನಡುವೆ ಓಡಾಡಿಸಿದರು. ಹೆದರಿ ಬ್ರೇಕು ತುಳಿದಾಗಲೆಲ್ಲ, ಮರ ತಾನಾಗಿ ಪಕ್ಕಕ್ಕೆ ಸರಿಯುವುದಿಲ್ಲಮ್ಮ, ನೀನೇ ಸ್ಟೇರಿಂಗ್ ತಿರುಗಿಸಬೇಕು ಎನ್ನುತ್ತಿದ್ದರಂತೆ. ಅವಳಿಗೆ ಲೈಸೆನ್ಸ್ ಬಂದ ದಿನ ಅವರ ಹೆಂಡತಿ ರೋಸಾ ಕೇಕ್ ಮಾಡಿದ್ದರು. ನಮ್ಮ ಊಟದ ರೀತಿ ವಿಚಾರಿಸಿಕೊಂಡು, ಮೊಟ್ಟೆ ಹಾಕದೆ ಮಾಡಿದ್ದರು. ಕೇಕು ಇಟ್ಟಿಗೆಯ ಹಾಗಾಗಿತ್ತು. ಅಷ್ಟು ರುಚಿಯಾದ ಇಟ್ಟಿಗೆಯನ್ನು ನಾನು ಮತ್ತೆ ತಿಂದಿಲ್ಲ.

ಅಮೆರಿಕದವರ ಫುಟ್‌ಬಾಲ್ ತೋರಿಸಿದವರೂ ಮ್ಯಾನಿಯೇ. ಆ ಊರಿನ ಒಂದು ಕಾಲೇಜು ತಂಡಕ್ಕೆ ಅವರು ಕಟ್ಟಾ ಅಭಿಮಾನಿ. ಪ್ರತಿ ಸೀಸನ್ನಿಗೂ ಎರಡು ಸೀಟು ಕಾದಿರಿಸುತ್ತಿದ್ದರು, ಒಂದು ತಮಗೆ, ಒಂದು ರೋಸಾಗೆ. ರೋಸಾರ ಮಂಡಿ ಕ್ರೀಡಾಂಗಣದ ಮೆಟ್ಟಿಲು ಹತ್ತಲು ಒಪ್ಪದ ವರ್ಷ, ಆ ಸೀಟು ನನಗೆ ಬಂತು. ಎಷ್ಟೋ ಜನ ಅದಕ್ಕಾಗಿ ಕಾದಿದ್ದರು. ನನಗೇ ಯಾಕೆ ಕೊಟ್ಟಿರಿ ಎಂದು ಕೇಳಿದ್ದಕ್ಕೆ, ಶನಿವಾರ ನೀನು ಬೇಲಿ ಹತ್ತಿರ ಸುಮ್ಮನೆ ನಿಂತಿರುವುದನ್ನು ನೋಡಲಾಗುವುದಿಲ್ಲ ಎಂದರು.

ಆ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಹಿಡಿದವನನ್ನು ಕೆಡವುತ್ತಾರೆ. ಗಡಿಯಾರ ಓಡುತ್ತಿರುತ್ತದೆ. ಅದನ್ನು ನಿಲ್ಲಿಸುವ ಹಕ್ಕಿಗೆ ಟೈಮ್‌ಔಟ್ ಎನ್ನುತ್ತಾರೆ. ಆಟದ ಪ್ರತಿ ಅರ್ಧದಲ್ಲಿ ಒಂದು ತಂಡಕ್ಕೆ ಅದು ಮೂರೇ ಸಲ. ಯಾವಾಗ ಬಳಸಬೇಕು, ಎಷ್ಟನ್ನು ಕೊನೆಯ ನಿಮಿಷಕ್ಕೆ ಉಳಿಸಬೇಕು ಎನ್ನುವುದು ಕೋಚ್‌ನ ತಲೆನೋವು. ಕೋಚ್‌ನ ತಲೆನೋವು ಶನಿವಾರ ಸಂಜೆಗೆ ಮುಗಿಯುತ್ತಿತ್ತು, ಅಭಿಮಾನಿಗಳದು ಭಾನುವಾರ ಬೆಳಗ್ಗೆ ಶುರುವಾಗುತ್ತಿತ್ತು.

ಭಾನುವಾರದ ಆ ಮೇಜು ಒಂದು ಡೋನಟ್ ಅಂಗಡಿಯಲ್ಲಿತ್ತು. ಮ್ಯಾನಿ, ಲಾಸ್ ಗ್ಯಾಟೋಸ್‌ನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಡೇಲ್, ಮತ್ತೆ ಡೇಲ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಇನ್ನಿಬ್ಬರು. ತಲೆಯಾಡಿಸಿದವರ ಹೆಸರು ಇಲ್ಲಿ ಬೇಕಿಲ್ಲ. ಡೇಲ್ ದೊಡ್ಡ ದನಿಯವನು, ದೊಡ್ಡ ಮನಸ್ಸಿನವನೂ ಹೌದು, ಆದರೆ ದನಿ ಮೊದಲು ಬರುತ್ತಿತ್ತು. ಕೋಚ್‌ಗೆ ಹುಡುಗರನ್ನು ತಯಾರು ಮಾಡಲು ಬರುತ್ತದೆ, ಆಟ ನಡೆಸಲು ಬರುವುದಿಲ್ಲ ಎನ್ನುವುದು ಅವನ ವಾದ. ಮ್ಯಾನಿಯ ವಾದ ಒಂದೇ ಸಾಲಿನದು. ಕೋಚ್ ಆ ಹುಡುಗರನ್ನು ವಾರವಿಡೀ ನೋಡಿರುತ್ತಾನೆ, ನಾವು ಮೂರು ಗಂಟೆ ನೋಡಿರುತ್ತೇವೆ.

ಅಲ್ಲಿ ನನಗೆ ಜಾಗ ಕೊಡಿಸಿದ್ದು ನನ್ನ ಪುಸ್ತಕ.

ಮೈಸೂರಿನಲ್ಲಿ ಕಾಲೇಜು ಓದುವಾಗ ನಾನು ಕ್ರಿಕೆಟ್ ಸ್ಕೋರರ್ ಆಗಿದ್ದೆ. ಆಡಲು ಬಾರದವನಿಗೆ ಮೈದಾನದ ಪಕ್ಕ ಕುರ್ಚಿ ಸಿಗುವುದು ಹಾಗೆ. ಕಲಿಸಿದವರು ಕಿಟ್ಟಪ್ಪನವರು, ಬ್ಯಾಂಕಿನಲ್ಲಿ ಗುಮಾಸ್ತರು, ಭಾನುವಾರದ ಲೀಗ್ ಪಂದ್ಯಗಳಿಗೆ ಖಾಯಂ ಸ್ಕೋರರ್. ಅವರ ಕಟ್ಟುಪಾಡು ಬಿಗಿ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಪಕ್ಕದವನು ಹೇಳಿದ್ದನ್ನು ಬರೆಯಕೂಡದು. ಒಂದು ಎಸೆತಕ್ಕೆ ಒಂದು ಚೌಕ. ಏನೂ ಆಗದ ಎಸೆತಕ್ಕೆ ಚುಕ್ಕಿ. ಚೌಕ ಖಾಲಿ ಬಿಡುವುದೆಂದರೆ ಅವರಿಗೆ ಎದೆ ಹಿಡಿದಂತಾಗುತ್ತಿತ್ತು. ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ, ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಅಂಪೈರ್ ಸನ್ನೆ ಮಾಡಿದಾಗ ಸ್ಕೋರರ್ ಕೈ ಎತ್ತಿ ತೋರಿಸಬೇಕು — ಕಂಡೆ, ಬರೆದುಕೊಂಡೆ ಎಂದು. ಆ ಕೈ ಮೇಲೇಳುವ ತನಕ ಆಟ ಮುಂದೆ ಹೋಗುವುದಿಲ್ಲ.

ಫುಟ್‌ಬಾಲ್ ನೋಡಲು ಹೋದವನು ನಾನು ಸುಮ್ಮನೆ ಕೂರಲಾರದೆ, ಎರಡನೆಯ ಶನಿವಾರವೇ ಗೆರೆ ಎಳೆದ ಒಂದು ಪುಸ್ತಕ ಒಯ್ದೆ. ಚೆಂಡು ಒಮ್ಮೆ ಆಟಕ್ಕೆ ಬಂದರೆ ಒಂದು ಚೌಕ. ಓಡಿದರೆ ಒಂದು ಗುರುತು, ಎಸೆದರೆ ಇನ್ನೊಂದು, ಟೈಮ್‌ಔಟ್ ತೆಗೆದುಕೊಂಡರೆ ಆ ಚೌಕದಲ್ಲಿ ಕೆಂಪು ಗೀಟು. ಮ್ಯಾನಿ ಬೆರಗಾಗಿ ನೋಡುತ್ತಿದ್ದರು. ಅಂಪೈರ್ ಸನ್ನೆಯ ವಿಷಯ ಹೇಳಿದಾಗ ಅವರಿಗೆ ತಡೆಯಲಾರದ ಖುಷಿ. ಅಂದಿನಿಂದ ಟೈಮ್‌ಔಟ್ ಆದಾಗಲೆಲ್ಲ ನನ್ನ ಕಡೆ ತಿರುಗಿ ಒಂದು ಬೆರಳೆತ್ತುವುದು, ನಾನು ಪೆನ್ಸಿಲ್ ಹಿಡಿದ ಕೈ ಎತ್ತುವುದು. ಹಿಂದಿನ ಸಾಲಿನವರು ನಮ್ಮಿಬ್ಬರನ್ನೂ ಅರೆಹುಚ್ಚರೆಂದುಕೊಂಡಿರಬೇಕು.

ಒಂದು ಭಾನುವಾರ ಮೇಜಿನಲ್ಲಿ ಹಿಂದಿನ ತಿಂಗಳ ಯಾವುದೋ ಆಟದ ಬಗ್ಗೆ ಜಗಳ ಎದ್ದಿತು. ನಾನು ಪುಸ್ತಕ ತೆರೆದು ಓದಿದೆ. ಎಲ್ಲರೂ ಬಾಯಿ ಮುಚ್ಚಿದರು. ಡೇಲ್ ನನ್ನ ಬೆನ್ನು ತಟ್ಟಿ ಪ್ರೊಫೆಸರ್ ಎಂದು ಕರೆದ, ಆ ಹೆಸರೇ ನಿಂತಿತು. ಅಲ್ಲಿಂದ ಮುಂದೆ ಎಲ್ಲ ಜಗಳವೂ ನನ್ನ ಪುಸ್ತಕದ ಮುಂದೆ ಬಂದು ನಿಲ್ಲುತ್ತಿತ್ತು. ನಾನು ಬರುವ ತನಕ ವಾದ ಶುರುಮಾಡುತ್ತಿರಲಿಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಒಬ್ಬನೇ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದವನಿಗೆ ಇದು ಏನೆಂದು — ಹೇಗೆ ಹೇಳಲಿ — ನಾಲ್ಕು ಜನ ಕತ್ತು ಚಾಚಿ ನನ್ನ ಬೆರಳನ್ನೇ ನೋಡುತ್ತಿದ್ದರು. ಡೋನಟ್‌ನಲ್ಲಿ ಮೊಟ್ಟೆ ಇರುತ್ತದೆಂದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ತಿಂದಾಗಿತ್ತು. ಗೊತ್ತಾದ ಮೇಲೆ ಬರೀ ಕಾಫಿ ಕುಡಿದೆ, ಮೇಜು ಬಿಡಲಿಲ್ಲ.

ಈಗ ಆ ಆಟದ ವಿಷಯಕ್ಕೆ ಬರುತ್ತೇನೆ. ಬರಲು ಇಷ್ಟು ಸುತ್ತಿದೆ, ನಿಮಗೂ ಗೊತ್ತಾಗಿರಬೇಕು.

ಅಕ್ಟೋಬರಿನ ಒಂದು ಮಧ್ಯಾಹ್ನ. ವಿಮಲಾಗೆ ಜ್ವರವಿದ್ದದ್ದರಿಂದ ಐದು ವರ್ಷದ ಅನುವನ್ನೂ ಕರೆದೊಯ್ದಿದ್ದೆ. ಅವಳು ಮ್ಯಾನಿಯ ತೊಡೆಯ ಮೇಲೇ ಕೂತಿದ್ದಳು. ಮೂರನೆಯ ಕ್ವಾರ್ಟರ್‌ನಲ್ಲಿ, ಅಂದರೆ ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ, ಅವಳಿಗೆ ಬಾತ್‌ರೂಮಿಗೆ ಅವಸರವಾಯಿತು. ಕ್ಯೂ ಉದ್ದವಿತ್ತು. ತಿರುಗಿ ಬಂದಾಗ ಆಟಗಾರರು ಅಂಚಿನಲ್ಲಿ ಗುಂಪುಗೂಡಿ ನಿಂತಿದ್ದರು. ಮ್ಯಾನಿ ಒಂದು ಬೆರಳೆತ್ತಿ, ನಮ್ಮದು ಒಂದು ಹೋಯಿತು, ಒಬ್ಬ ಹುಡುಗನಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ, ಬರೆದುಕೋ ಎಂದರು.

ನಾನು ಕೈ ಎತ್ತಲಿಲ್ಲ. ನಗುತ್ತಾ, ನಾನು ನೋಡಿಲ್ಲ ಮ್ಯಾನಿ, ಕೇಳಿದ್ದನ್ನು ಬರೆಯುವುದಿಲ್ಲ ಎಂದೆ. ಕಿಟ್ಟಪ್ಪನವರ ಶಿಷ್ಯನಲ್ಲವೇ. ಅವರೂ ನಕ್ಕು ಅನುವನ್ನು ಎತ್ತಿ ಕೂರಿಸಿಕೊಂಡರು. ಆ ಕ್ರೀಡಾಂಗಣದ ಹಳೆಯ ಸ್ಕೋರ್‌ಬೋರ್ಡಿನಲ್ಲಿ ಟೈಮ್‌ಔಟ್ ತೋರಿಸುವ ಬಲ್ಬುಗಳು ಅರ್ಧಕ್ಕರ್ಧ ಸುಟ್ಟುಹೋಗಿದ್ದವು, ನೋಡಿ ತಿಳಿಯುವಂತಿರಲಿಲ್ಲ. ಪುಸ್ತಕದಲ್ಲಿ ನಾಲ್ಕು ಚೌಕ ಖಾಲಿ ಉಳಿದವು.

ಆಟದ ಕೊನೆ ಹೀಗಾಯಿತು. ನಮ್ಮವರು ಎರಡು ಪಾಯಿಂಟು ಹಿಂದೆ. ಇನ್ನೊಂದು ಸಲ ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಪಾಯಿಂಟು ಬಂದು ಗೆಲ್ಲಬಹುದು. ಹದಿನೈದು ಸೆಕೆಂಡಿರಬೇಕು, ಅಂಚಿನ ಹತ್ತಿರ ಒಬ್ಬ ಹುಡುಗ ಚೆಂಡು ಹಿಡಿದ. ಗೆರೆಯಾಚೆ ಕಾಲಿಟ್ಟಿದ್ದರೆ ಗಡಿಯಾರ ತಾನಾಗಿ ನಿಲ್ಲುತ್ತಿತ್ತು. ಅವನು ಇನ್ನೆರಡು ಗಜದ ಆಸೆಗೆ ಒಳಗೆ ತಿರುಗಿದ, ಒಳಗೇ ಕೆಡವಿದರು. ಗಡಿಯಾರ ಓಡುತ್ತಲೇ ಇತ್ತು. ಒದೆಯುವವರು ಮೈದಾನಕ್ಕೆ ಓಡಿಬರುವಷ್ಟರಲ್ಲಿ ಆಟ ಮುಗಿಯಿತು. ಕೋಚ್ ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದರು. ಟೈಮ್‌ಔಟ್ ಕೇಳಲಿಲ್ಲ.

ಸಂಜೆ ಮನೆಯಲ್ಲಿ ಪುಸ್ತಕವನ್ನು ಶುದ್ಧಪ್ರತಿ ಮಾಡಲು ಕೂತೆ. ಆ ನಾಲ್ಕು ಚೌಕ ಕಣ್ಣಿಗೆ ಚುಚ್ಚುತ್ತಿದ್ದವು. ಮ್ಯಾನಿ ಹೇಳಿದ ಕೆಂಪು ಗೀಟು ಹಾಕಲು ಮನಸ್ಸಾಗಲಿಲ್ಲ, ಅದು ಕೇಳಿದ್ದು. ಖಾಲಿ ಬಿಡಲೂ ಮನಸ್ಸಾಗಲಿಲ್ಲ. ಮೂರು ಚೌಕಗಳನ್ನು ಮನೆಗೆ ಬರುವಾಗ ಪಿಕಪ್ಪಿನಲ್ಲಿ ಕೇಳಿದ ರೇಡಿಯೋ ವರದಿಯ ನೆನಪಿನಿಂದ ಹೇಗೋ ತುಂಬಿಸಿ, ನಾಲ್ಕನೆಯದಕ್ಕೆ ಒಂದು ಚುಕ್ಕಿ ಇಟ್ಟೆ. ಏನೂ ಆಗಲಿಲ್ಲ ಎಂಬ ಚುಕ್ಕಿ. ಸ್ನೇಹಿತನ ಬಾಯಿಂದ ಬಂದ ಸತ್ಯ ಬರೆಯಲು ನನಗೆ ನಿಯಮ ಅಡ್ಡ ಬಂತು, ನಾನೇ ಹೊಸೆದ ಸುಳ್ಳು ಬರೆಯಲು ಅಡ್ಡ ಬರಲಿಲ್ಲ. ಪುಟ ಅಚ್ಚುಕಟ್ಟಾಗಿ ಕಂಡಿತು. ಊಟಕ್ಕೆದ್ದೆ.

ಮರುದಿನ ಡೇಲ್ ಕುದಿಯುತ್ತಿದ್ದ. ಬೆಳಗಿನ ಪತ್ರಿಕೆಯಲ್ಲಿ ಕೋಚ್ ಒಂದೇ ಮಾತು ಹೇಳಿದ್ದರು: ಗಡಿಯಾರ ನನ್ನ ಜವಾಬ್ದಾರಿ, ಹುಡುಗರದಲ್ಲ. ತಪ್ಪೊಪ್ಪಿಕೊಂಡಿದ್ದಾನೆ ನೋಡಿ ಎಂದ ಡೇಲ್. ಕೈಯಲ್ಲಿ ಇನ್ನೊಂದು ಟೈಮ್‌ಔಟ್ ಇಟ್ಟುಕೊಂಡು ಸೋತವನನ್ನು ನಲವತ್ತು ವರ್ಷದಲ್ಲಿ ನೋಡಿಲ್ಲ ಎಂದ. ಮ್ಯಾನಿ ಶಾಂತವಾಗಿ, ಅವನ ಹತ್ತಿರ ಉಳಿದಿರಲಿಲ್ಲ, ಒಂದು ಮೂರನೆಯ ಕ್ವಾರ್ಟರ್‌ನಲ್ಲೇ ಹೋಗಿತ್ತು, ಕೋಚ್ ಕೊನೆಯಲ್ಲಿ ಗೆರೆ ದಾಟದ ಆ ಹುಡುಗನ ಮರ್ಯಾದೆ ಕಾಯುತ್ತಿದ್ದಾನೆ ಎಂದರು. ಅದು ಎದುರಾಳಿಗಳ ಟೈಮ್‌ಔಟ್ ಎಂದು ಡೇಲ್. ಉಳಿದಿಬ್ಬರು ತಲೆಯಾಡಿಸಿದರು. ಆ ದಿನದ ಆಟ ಟಿವಿಯಲ್ಲೂ ಬಂದಿರಲಿಲ್ಲ. ಡೇಲ್ ನನ್ನ ಕಡೆ ತಿರುಗಿದ.

"ಪುಸ್ತಕ ತೆಗಿ, ಪ್ರೊಫೆಸರ್."

ತೆರೆದೆ. ಚುಕ್ಕಿ ಇತ್ತು. ಎಲ್ಲರೂ ನನ್ನ ಬೆರಳು ನೋಡುತ್ತಿದ್ದರು, ಮ್ಯಾನಿಯೂ. ಅವರ ಮುಖದಲ್ಲಿ ಆತಂಕವೇ ಇರಲಿಲ್ಲ. ನನ್ನ ಮಾತು ಬಂದರೆ ವಾದ ಮುಗಿಯಿತೆಂದು ಕಾಫಿ ಕಪ್ಪು ಕೈಗೆತ್ತಿಕೊಂಡಿದ್ದರು. ನಾನು ಆಗ ಸೀಟಿನಲ್ಲಿರಲಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ — ಆ ಚುಕ್ಕಿ ಯಾಕೆ ಇಟ್ಟೆ ಎಂದು ಕೇಳುತ್ತಾರೆ. ಇನ್ನೆಷ್ಟು ಚುಕ್ಕಿ ಇಟ್ಟಿದ್ದೀಯ ಎಂದು ಕೇಳುತ್ತಾರೆ. ಆಮೇಲೆ ಪ್ರೊಫೆಸರ್ ಎಲ್ಲಿ, ಪುಸ್ತಕ ಎಲ್ಲಿ, ನನ್ನ ಕುರ್ಚಿ ಎಲ್ಲಿ.

"ಎರಡನೇ ಅರ್ಧದಲ್ಲಿ ನಮ್ಮವರು ತಗೊಂಡದ್ದು ಎರಡು," ಎಂದು ಓದಿದೆ. "ಒಂದು ಉಳಿದಿತ್ತು."

ಮ್ಯಾನಿ ಕಪ್ಪು ಕೆಳಗಿಟ್ಟರು. ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಏನೋ ಲೆಕ್ಕ ತಪ್ಪಿತೇ ಎಂದು ಯೋಚಿಸುವವರ ಹಾಗೆ ಮೊದಲು, ಆಮೇಲೆ ಎಲ್ಲವೂ ಅರ್ಥವಾದವರ ಹಾಗೆ. ನೀನು ಮಗಳ ಜೊತೆ ಕ್ಯೂನಲ್ಲಿ ನಿಂತಿದ್ದೆಯಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ನಾನು ಅದಕ್ಕೆ ಕಾಯುತ್ತಿದ್ದೆ, ಬರಲಿ ಎಂದೇ ಅರ್ಧ ಮನಸ್ಸಿನಲ್ಲಿ ಬೇಡುತ್ತಿದ್ದೆ.

"ಪುಸ್ತಕದಲ್ಲಿ ಹಾಗಿದ್ದರೆ, ಹಾಗೇ ಇರಲಿ," ಎಂದರು.

ಮುಂದಿನ ಭಾನುವಾರ ಡೇಲ್ ಪತ್ರಿಕೆಗೆ ಕಳಿಸಲು ಒಂದು ಪತ್ರ ಬರೆದು ತಂದ. ಕೋಚ್ ಹೋಗಬೇಕು ಎಂಬುದು ಅದರ ಸಾರ. ಅದರಲ್ಲಿ ನನ್ನ ಪುಸ್ತಕದ ಪ್ರಸ್ತಾಪವೂ ಇತ್ತು, ಬಹಳ ಎಚ್ಚರಿಕೆಯ ಒಬ್ಬ ಸಜ್ಜನರು ಇಟ್ಟ ದಾಖಲೆ ಎಂದು. ಓದುವಾಗ ಕಿವಿ ಬಿಸಿಯಾಯಿತು. ನಾಚಿಕೆಯೂ ಇತ್ತು, ಹೇಳಲು ಹೇಸಿಗೆಯಾದರೂ ಹೇಳುತ್ತೇನೆ — ಖುಷಿಯೂ ಇತ್ತು. ಮೂವರು ಸಹಿ ಮಾಡಿದರು. ಪೆನ್ನು ನನ್ನ ಹತ್ತಿರ ಬಂತು, ಮಾಡಿದೆ. ಮ್ಯಾನಿಯ ಹತ್ತಿರ ಹೋಯಿತು. ಅವರು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

ಡೇಲ್‌ಗೆ ಕೋಪ ನೆತ್ತಿಗೇರಿತು. "ಕಣ್ಣೆದುರು ಬರೆದಿಟ್ಟದ್ದನ್ನೂ ಒಪ್ಪಲ್ಲ ಅಂದರೆ ಈ ಮೇಜಿನಲ್ಲಿ ನಿನಗೇನು ಕೆಲಸ? ಮೂರರವರೆಗೆ ಎಣಿಸೋಕೆ ಬರದವನು ಆಟದ ಬಗ್ಗೆ ಮಾತಾಡಬಾರದು, ಮ್ಯಾನಿ."

ಮ್ಯಾನಿ ಟೋಪಿ ಹಾಕಿಕೊಂಡರು. ನನ್ನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟರು. ಮತ್ತೆ ಆ ಅಂಗಡಿಗೆ ಅವರು ಬರಲಿಲ್ಲ.

ಸೀಸನ್ ಮುಗಿದ ಮೇಲೆ ಕೋಚ್ ಹೋದರು. ನಮ್ಮ ಪತ್ರದಿಂದಲೇ ಎಂದು ಹೇಳಿದರೆ ಮತ್ತೆ ಜಂಬ ಕೊಚ್ಚಿಕೊಂಡಂತೆ, ಅವರು ಬೇರೆ ಆಟಗಳನ್ನೂ ಸೋತಿದ್ದರು. ಆದರೆ ಆ ರಾಶಿಯಲ್ಲಿ ನನ್ನದೂ ಒಂದು ಹಿಡಿ ಮಣ್ಣಿತ್ತು. ಮುಂದೆ ಬಂದ ಕೋಚ್ ಟೈಮ್‌ಔಟುಗಳನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸುತ್ತಿದ್ದ. ಡೇಲ್ ಅವನನ್ನೂ ಬೈದ.

ನಾನು ಹೇಳಬೇಕಾದದ್ದು ಮ್ಯಾನಿ ಆಮೇಲೆ ಹೇಗಿದ್ದರು ಎನ್ನುವುದನ್ನು. ಅವರು ಬದಲಾಗಲೇ ಇಲ್ಲ. ಶನಿವಾರ ಅದೇ ಪಿಕಪ್ಪು ನಮ್ಮ ಬಾಗಿಲಿಗೆ ಬರುತ್ತಿತ್ತು, ರೋಸಾರ ಸೀಟು ನನ್ನದೇ ಆಗಿತ್ತು. ಟೈಮ್‌ಔಟ್ ಆದಾಗ ಬೆರಳೆತ್ತುತ್ತಿದ್ದರು; ನಾನು ಕೈ ಎತ್ತುತ್ತಿದ್ದೆ, ಅದು ಪ್ರತಿಸಲ ಒಂದು ಮಣ ಭಾರವಾಗಿರುತ್ತಿತ್ತು. ಎರಡನೆಯ ಮಗಳು ಹುಟ್ಟಿದಾಗ ನಾನು ಆಸ್ಪತ್ರೆಯಲ್ಲಿದ್ದ ಮೂರು ದಿನ ಅನು ಅವರ ಮನೆಯಲ್ಲಿದ್ದಳು. ತಲೆ ಬಾಚಿ ಎರಡು ಜಡೆ ಹಾಕಲು ಮ್ಯಾನಿ ಕಲಿತಿದ್ದರು. ಭಾನುವಾರ ಬೆಳಗ್ಗೆ ಮಾತ್ರ ಅವರು ಏಣಿ ಹಾಕಿಕೊಂಡು ಮರದ ಕೊಂಬೆ ಕತ್ತರಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಪುಸ್ತಕ ಇಟ್ಟುಕೊಂಡು ನಾನು ಅದೇ ದಾರಿಯಲ್ಲಿ ಡೋನಟ್ ಅಂಗಡಿಗೆ ಹೋಗಬೇಕಿತ್ತು. ಏಣಿಯ ಮೇಲಿನಿಂದ ಅವರು ಕೈ ಬೀಸುತ್ತಿದ್ದರು.

ಮ್ಯಾನಿ ಯಾಕೆ ನಿಮ್ಮ ಜೊತೆ ಬರುತ್ತಿಲ್ಲ ಎಂದು ವಿಮಲಾ ಕೇಳಿದಳು. ವಯಸ್ಸಾಯಿತಲ್ಲ, ಸುಸ್ತು ಎಂದೆ.

"ಸುಸ್ತಾದೋರು ಏಣಿ ಹತ್ತುತಾರೇನ್ರೀ?" ಎಂದಳು. ಮತ್ತೆ ಕೇಳಲಿಲ್ಲ. ನನ್ನ ಹೆಂಡತಿ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಎರಡು ಸಲ ಕೇಳುವವಳಲ್ಲ.

ಮೂರು ವರ್ಷದ ಮೇಲೆ ತೋಟ ಮಾರಾಟವಾಯಿತು. ಮರಗಳ ಜಾಗದಲ್ಲಿ ಮನೆಗಳು ಬರುವುದಿತ್ತು. ಮ್ಯಾನಿ ಮತ್ತು ರೋಸಾ ಮಾರ್ಗನ್ ಹಿಲ್‌ಗೆ, ಮಗಳ ಮನೆಯ ಹತ್ತಿರಕ್ಕೆ ಹೊರಟರು. ಸಾಮಾನು ತುಂಬಲು ನಾನೂ ಕೈಜೋಡಿಸಿದೆ. ಕೊನೆಯ ಪೆಟ್ಟಿಗೆ ಹಾಕಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಮ್ಯಾನಿ, ಆ ಟೈಮ್‌ಔಟ್ — ಎಂದು ಶುರುಮಾಡಿದೆ.

"ಅನುಗೆ ಅವಸರವಾಗಿತ್ತು," ಎಂದರು ಮ್ಯಾನಿ. "ಮಗುವಿಗೆ ಅವಸರವಾದಾಗ ಅಪ್ಪ ಏಳಲೇಬೇಕು. ಅಷ್ಟೇ ಆದದ್ದು."

ಆಮೇಲೆ ಆ ವರ್ಷದ ಎರಡೂ ಟಿಕೆಟ್ಟು ನನ್ನ ಕೈಯಲ್ಲಿಟ್ಟರು. ಮಾರ್ಗನ್ ಹಿಲ್‌ನಿಂದ ಬರಲು ದೂರ, ಇನ್ನೊಂದು ಸೀಟಿಗೆ ಅನುವನ್ನು ಕರೆದುಕೊಂಡು ಹೋಗು ಎಂದರು. ಬರೆಯುವುದನ್ನು ನಿಲ್ಲಿಸಬೇಡ ಎಂದರು. ಅಂದು ಬೇಲಿಯ ಹತ್ತಿರ ನಿಂತು ಅತ್ತೆ. ಕ್ಷಮೆ ಸಿಕ್ಕಿತೆಂಬ ಹಗುರದಲ್ಲಿ ಅತ್ತೆ. ನನಗೆ ಅವತ್ತು ಹೊಳೆಯದೇ ಹೋದದ್ದು, ಆ ಕ್ಷಮೆ ನಮ್ಮಿಬ್ಬರ ನಡುವಿನದು, ಮೇಜಿನಲ್ಲಿ ಅವರ ಹೆಸರಿಗೆ ಅಂಟಿದ್ದು ಹಾಗೇ ಇತ್ತು. ಮುಂದಿನ ಭಾನುವಾರ ಹೇಳಬಹುದಿತ್ತು. ಹೇಳಲಿಲ್ಲ.

ಮರುವರ್ಷ ಮ್ಯಾನಿ ತೀರಿಕೊಂಡರು. ಮಾರ್ಗನ್ ಹಿಲ್‌ನ ಚರ್ಚಿನಲ್ಲಿ ಬೆಳಗ್ಗೆ ಪ್ರಾರ್ಥನೆಯಿತ್ತು. ಡೇಲ್ ಎದ್ದು ನಿಂತು ಮಾತಾಡಿದ. ಅಳುತ್ತಲೇ ಮಾತಾಡಿದ, ಮ್ಯಾನಿಯಂಥ ಮನುಷ್ಯ ಮತ್ತೆ ಸಿಗುವುದಿಲ್ಲ ಎಂದ. ಆಮೇಲೆ ಎಲ್ಲರನ್ನೂ ಸ್ವಲ್ಪ ಹಗುರ ಮಾಡಲು, ಒಂದೇ ಒಂದು ಕೊರತೆ, ಅವನಿಗೆ ಮೂರರವರೆಗೆ ಎಣಿಸಲು ಬರುತ್ತಿರಲಿಲ್ಲ ಎಂದ. ಚರ್ಚಿನ ತುಂಬ ನಗು. ಪ್ರೀತಿಯ ನಗು. ರೋಸಾ ಕೂಡ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಅನು ಇದ್ದಳು, ಅವಳಿಗೆ ಆಗ ಒಂಬತ್ತು. ಅವಳೊಬ್ಬಳು ನಗಲಿಲ್ಲ. ನನ್ನ ತೋಳು ಹಿಡಿದು, ಮೆಲ್ಲಗೆ ಇಂಗ್ಲಿಷಿನಲ್ಲಿ, ಅಪ್ಪಾ, ಮ್ಯಾನಿ ನನಗೆ ಲೆಕ್ಕ ಹೇಳಿಕೊಟ್ಟಿದ್ದರಲ್ಲ ಎಂದಳು.

ನಾನು ನಕ್ಕೆ. ಸುತ್ತಲೂ ನಗುತ್ತಿದ್ದರು, ನಾನೂ ನಕ್ಕೆ. ಮೇಜಿನಲ್ಲಿ ಓದಿದ್ದಕ್ಕಿಂತ, ಸಹಿ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅದು. ಅಲ್ಲಿ ನನಗೆ ಕಳೆದುಕೊಳ್ಳುವ ಭಯವಿತ್ತು; ಇಲ್ಲಿ ಯಾವ ಭಯವೂ ಇರಲಿಲ್ಲ, ಬರೀ ಅಭ್ಯಾಸವಿತ್ತು.

ಆಮೇಲೆ ನಾನು ಆ ಅಂಗಡಿಗೆ ಹೋಗಲಿಲ್ಲ. ಹೋಗದಿರುವುದೇ ಪ್ರಾಯಶ್ಚಿತ್ತ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅದರಿಂದ ಮ್ಯಾನಿಗೆ ಏನು ಬಂತು?

ಈಗ ನನಗೆ ಮ್ಯಾನಿಗಿದ್ದದ್ದಕ್ಕಿಂತ ಹೆಚ್ಚು ವಯಸ್ಸಾಗಿದೆ. ಈ ದೇಶದಲ್ಲಿ ನನಗೆ ಸಿಕ್ಕ ಒಳ್ಳೆಯದನ್ನೆಲ್ಲ ಹಿಂದಕ್ಕೆ ಹಿಡಿದುಕೊಂಡು ಹೋದರೆ ಅದು ಆ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತದೆ. ನನ್ನ ಹೆಸರನ್ನು ಸರಿಯಾಗಿ ಹೇಳಿದ ಮೊದಲ ಬಾಯಿ ಅವರದು. ನನ್ನ ಮಕ್ಕಳಿಗೆ ಅಜ್ಜ ಎಂದರೆ ಹೀಗಿರುತ್ತಾರೆ ಎಂದು ತೋರಿಸಿದವರು. ನನಗೆ ಆ ಮೇಜನ್ನು ತೋರಿಸಿದವರು, ಮತ್ತೆ ನನ್ನ ಕುರ್ಚಿ ಉಳಿಯಲೆಂದು ತಮ್ಮ ಕುರ್ಚಿ ಬಿಟ್ಟವರು. ಇದಕ್ಕೆ ಧನ್ಯವಾದ ಎಂಬ ಪದ ಸಾಲುವುದಿಲ್ಲ, ಆದರೂ ಧನ್ಯವಾದ ಮ್ಯಾನಿ. ಸುಮ್ಮನೆ ಧನ್ಯವಾದ ಹೇಳಿ ಮುಗಿಸುವ ಹಕ್ಕು ನನಗಿಲ್ಲ.

ಪುಸ್ತಕ ಎಂದೂ ಕಳೆದುಹೋಗಿರಲಿಲ್ಲ, ದೇವರ ಮನೆಯ ಕೆಳಗಿನ ಖಾನೆಯಲ್ಲೇ ಇತ್ತು. ಇವತ್ತು ಬೆಳಗ್ಗೆ ತೆಗೆದೆ. ಕಿಟ್ಟಪ್ಪನವರು ಹೇಳಿಕೊಟ್ಟಂತೆ ರಬ್ಬರ್ ಮುಟ್ಟದೆ ಚುಕ್ಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಗೀಟು ಎಳೆದೆ. ನೋಡಿದವರು ಮ್ಯಾನಿ ಎಂದು ಬರೆದೆ. ಸಹಿ ಮಾಡಿದೆ. ಗೀಟು ಸೊಟ್ಟಗಾಯಿತು, ಹಾಗೇ ಬಿಟ್ಟೆ.

ಆ ಮೇಜಿನಲ್ಲಿ ಈಗ ಉಳಿದಿರುವವನು ಡೇಲ್ ಒಬ್ಬನೇ. ಲಾಸ್ ಗ್ಯಾಟೋಸ್‌ನಲ್ಲಿ ವೃದ್ಧರ ಒಂದು ಮನೆಯಲ್ಲಿದ್ದಾನೆ, ಕಿವಿ ಅಷ್ಟು ಕೇಳಿಸುವುದಿಲ್ಲವಂತೆ. ಫೋನ್ ಮಾಡಿದೆ. ಪ್ರೊಫೆಸರ್ ಎಂದು ಕೂಗಿದ, ಪುಸ್ತಕ ತರುತ್ತೀಯಾ ಎಂದ. ತರುತ್ತೇನೆ ಎಂದೆ. ರೋಸಾ ಇಲ್ಲ, ಆದರೆ ಅವರ ಮಗಳು ಮಾರ್ಗನ್ ಹಿಲ್‌ನಲ್ಲಿದ್ದಾರೆ. ಅವರನ್ನೂ ಅಲ್ಲಿಗೆ ಬರಲು ಕೇಳಿಕೊಂಡೆ, ಬರುತ್ತೇನೆಂದಿದ್ದಾರೆ. ವಿಮಲಾಗೆ ಎಲ್ಲ ಹೇಳಿದೆ. ಅವಳು, ನಿಮ್ಮ ಕಣ್ಣು ಈಗ ಸರಿಯಿಲ್ಲ, ಫ್ರೀವೇನಲ್ಲಿ ನಾನೇ ಓಡಿಸುತ್ತೇನೆ, ನನಗೆ ಕಲಿಸಿದವರ ಕೆಲಸವಲ್ಲವಾ ಎಂದಳು.

ನಾಳೆ ಭಾನುವಾರ. ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಡೇಲ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕು. ಉದ್ದವಿಲ್ಲ, ಎರಡೇ ವಾಕ್ಯ. ಮ್ಯಾನಿ ಎಣಿಸಿದ್ದು ಸರಿಯಾಗಿತ್ತು. ನಾನು ಸೀಟಿನಲ್ಲಿರಲಿಲ್ಲ.